ಬನಹಟ್ಟಿಯಲ್ಲಿ ಹೀರೋ ಸಾಯಲಿಲ್ಲ

ಟಾಕೀಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಈಗಲೂ ಒಬ್ಬಿಬ್ಬರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಮೂವತ್ತು ವರ್ಷಕ್ಕೂ ಮೇಲೆ ಪ್ರೊಜೆಕ್ಟರ್ ನಡೆಸಿದ ಮನುಷ್ಯ, ಏನಾದರೂ ಗುಟ್ಟು ಹೇಳಿಕೊಟ್ಟಾನು ಎಂದು ಅವರ ಆಸೆ. ನಾನು ಚಹಾ ಕುಡಿಸಿ ಕಳಿಸುತ್ತೇನೆ. ಹೇಳಿಕೊಡಲು ಏನು ಉಳಿದಿದೆ? ಈಗ ಸಿನಿಮಾ ತಗಡಿನ ಡಬ್ಬಿಯಲ್ಲಿ ಬರುವುದಿಲ್ಲ, ಫೈಲಾಗಿ ಬರುತ್ತದೆ. ಗುಂಡಿ ಒತ್ತಿದರೆ ಶುರುವಾಗುತ್ತದೆ, ತಾನೇ ಮುಗಿಯುತ್ತದೆ. ಆಪರೇಟರ್ ಎಂಬ ಹೆಸರೊಂದು ಉಳಿದಿದೆ. ಆದರೂ ಕೇಳುತ್ತಾರಲ್ಲ ಎಂದು ಬರೆಯಲು ಕೂತಿದ್ದೇನೆ. ಕೆಲಸದಲ್ಲಿ ನನಗೆ ಸಿಕ್ಕ ಶಾಲು, ಹಾರಗಳ ಸುದ್ದಿ ಬೇಕಾದವರು ಬೇರೆ ಯಾರದ್ದಾದರೂ ನೆನಪು ಓದಿಕೊಳ್ಳಿ. ಇದು ನಾನು ಕೆಡಿಸಿದ ಒಂದು ಕೆಲಸದ ಸುದ್ದಿ.

ನಾನು ಕಲಿತದ್ದು ಮುಧೋಳದಲ್ಲಿ, ಹುಸೇನಸಾಬ ಎಂಬ ಹಿರಿಯ ಆಪರೇಟರರ ಕೈಕೆಳಗೆ. ಬೈಗುಳವಿಲ್ಲದೆ ಅವರ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಆಗ ಪ್ರೊಜೆಕ್ಟರಿನೊಳಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಬೆಂಕಿ ಉರಿದು ಬೆಳಕು ಬರಬೇಕು. ಕಡ್ಡಿ ಸವೆದಂತೆ ಕೈಯಿಂದ ಮುಂದೆ ಸರಿಸುತ್ತಿರಬೇಕು. ಸ್ವಲ್ಪ ಮೈಮರೆತರೆ ಪರದೆ ಹಳದಿಯಾಗುತ್ತದೆ, ಕೆಳಗಿನಿಂದ ಸೀಟಿ, ಮೇಲಿನಿಂದ ಹುಸೇನಸಾಬರ ಏಟು. ನಾನು ಕಿಂಡಿಯಲ್ಲಿ ಇಣುಕಿ ಹಾಡು ನೋಡುತ್ತ ನಿಂತಾಗಲೆಲ್ಲ ಕಿವಿ ಹಿಂಡಿ ಹೇಳುತ್ತಿದ್ದರು: "ಪಿಚ್ಚರ್ ನೋಡಾಕ ಕೆಳಗ ಮಂದಿ ಅದಾರಲೇ ಭಾಡ್ಯಾ. ನೀ ಬೆಳಕ ನೋಡು."

ಆಮೇಲೆ ನಮ್ಮೂರು ಬನಹಟ್ಟಿಯಲ್ಲೇ ಕೆಲಸ ಸಿಕ್ಕಿತು. ಮೊದಲ ವರ್ಷವೇ ಒಂದು ದೊಡ್ಡ ಎಡವಟ್ಟು ಮಾಡಿದೆ. ಆ ದಿನಗಳಲ್ಲಿ ರಬಕವಿಗೂ ಬನಹಟ್ಟಿಗೂ ಸೇರಿ ಒಂದೇ ಪ್ರಿಂಟು ತರಿಸುತ್ತಿದ್ದರು. ಅಲ್ಲಿ ಒಂದು ರೀಲು ಮುಗಿದ ಕೂಡಲೇ ಲೂನಾ ಗಾಡಿಯ ಮೇಲೆ ನಮ್ಮಲ್ಲಿಗೆ ಓಡಿಬರಬೇಕು. ಒಂದು ಹೊಡೆದಾಟದ ಸಿನಿಮಾದಲ್ಲಿ ಡಬ್ಬಿಗಳು ಅದಲುಬದಲಾಗಿ, ಏಳನೇ ರೀಲಿನ ಜಾಗದಲ್ಲಿ ನಾನು ಒಂಬತ್ತನೆಯದನ್ನು ಹಾಕಿಬಿಟ್ಟೆ. ಹೀರೋ ತೋಳಿಗೆ ಪಟ್ಟಿ ಕಟ್ಟಿಕೊಂಡು ಬಂದ, ಸೇಡಿನ ಮಾತಾಡಿದ, ಅದಾದ ಮೇಲೆ ಅವನ ತೋಳಿಗೆ ಗುಂಡು ಬಿತ್ತು. ಬೈಗುಳ ತಿನ್ನಲು ಸಿದ್ಧನಾಗಿ ಇಂಟರ್‌ವಲ್‌ನಲ್ಲಿ ಕೆಳಗಿಳಿದೆ. ಬೀಡಿ ಸೇದುತ್ತ ನಿಂತಿದ್ದ ಒಬ್ಬ ಮುದುಕ ಮಾತ್ರ ನನ್ನನ್ನು ತಡೆದು, "ಹಾಡ ಒಂದ ಕಡಿಮಿ ಆಗೇತಲ್ಲೋ ತಮ್ಮಾ?" ಎಂದ. ಮತ್ತೆ ಯಾರೂ ಏನೂ ಕೇಳಲಿಲ್ಲ. ಕತೆಯ ಮೇಲೆ ನನಗಿದ್ದ ಮರ್ಯಾದೆ ಅವತ್ತೇ ಹೋಯಿತು. ಹೀರೋ ಪರದೆ ಮೇಲಿದ್ದರೆ ಸಾಕು, ಹಿಂದುಮುಂದು ಯಾರು ಕೇಳುತ್ತಾರೆ ಎಂದುಕೊಂಡೆ.

ಕೇಳುವುದೇ ಇಲ್ಲ ಎಂದಲ್ಲ. ನಮ್ಮ ಜನ ಯಾವುದನ್ನು ನಂಬುತ್ತಾರೆ, ಯಾವುದನ್ನು ನಂಬುವುದಿಲ್ಲ ಎಂದು ಹೇಳುವುದು ಕಷ್ಟ. ಇನ್ನೊಂದು ಸಿನಿಮಾದಲ್ಲಿ ಹೀರೋ ಒಬ್ಬನೇ ನಲವತ್ತು ಮಂದಿಯನ್ನು ಕೆಡವಿದ, ಬರುವ ಜೀಪನ್ನು ಬರಿಗೈಯಲ್ಲಿ ತಡೆದ. ಟಾಕೀಜಿನ ಛಾವಣಿ ಹಾರುವ ಹಾಗೆ ಸೀಟಿ ಬಿತ್ತು. ಮುಂದೆ ಅವನ ತಾಯಿ ಮಗ್ಗದಲ್ಲಿ ಕೂತು ಅಳುತ್ತ ಸೀರೆ ನೇಯುವ ದೃಶ್ಯ. ಕೈ ಆಡುತ್ತಿದೆ, ನೂಲು ಹಾಯಿಸುವ ಲಾಳಿ ನಿಂತಲ್ಲೇ ನಿಂತಿದೆ. "ಲಾಳಿ ಒಗಿಯವ್ವಾ, ಅಳೂದ ಆಮ್ಯಾಲ!" ಎಂದು ಯಾರೋ ಕೂಗಿದ್ದೇ ಇಡೀ ಟಾಕೀಜು ಬಿದ್ದು ಬಿದ್ದು ನಕ್ಕಿತು. ನೇಕಾರರ ಊರಲ್ಲವೇ. ಹೀರೋ ಬ್ಯಾರೇಜಿನ ಮೇಲಿನಿಂದ ನದಿಗೆ ಹಾರುವ ದೃಶ್ಯ ಬಂದರೆ ಹೊಳೆ ದಂಡೆಯ ಹಿಪ್ಪರಗಿ ಕಡೆಯವರು, "ಬ್ಯಾಸಗ್ಯಾಗ ಅಲ್ಲಿ ಮೊಣಕಾಲ ನೀರ ಇರೂದಿಲ್ಲ, ಕಾಲ ಮುರೀತಾವು" ಎಂದು ಕೂತಲ್ಲಿಂದಲೇ ತೀರ್ಪು ಕೊಡುತ್ತಿದ್ದರು.

ಈಗ ಕತ್ತರಿಯ ವಿಷಯ. ಹೊಸಬರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಸಣ್ಣ ಊರುಗಳ ಆಪರೇಟರ್ ಸಿನಿಮಾ ತೋರಿಸುವುದರ ಜೊತೆಗೆ ಅದನ್ನು ಕತ್ತರಿಸುತ್ತಲೂ ಇದ್ದ. ಸಿನಿಮಾ ಉದ್ದವಾಯಿತೆಂದರೆ ಮಾಲಕರು ಒಂದು ಹಾಡು ತೆಗೆ ಎನ್ನುತ್ತಿದ್ದರು. ತಾಯಿಯ ಗೋಳು ಜಾಸ್ತಿಯಾಯಿತೆಂದರೆ ಅರ್ಧ ಗೋಳು ತೆಗೆಯುವುದು. ಬೇಡದ ಭಾಗ ಕತ್ತರಿಸಿ, ಎರಡು ತುದಿಗಳನ್ನು ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ ಒತ್ತಬೇಕು. ಜೋಡಿಸಿದಲ್ಲಿ ಡಬ್ ಎಂಬ ಸದ್ದು ಬಾರದಂತೆ ಫಿಲ್ಮಿನ ಪಕ್ಕದ ಧ್ವನಿಗೆರೆಗೆ ಕಪ್ಪು ಮಸಿ ಹಚ್ಚಬೇಕು. ಪ್ರಿಂಟು ಮುಂದಿನ ಊರಿಗೆ ಹೋಗುವ ಮುನ್ನ ಕತ್ತರಿಸಿದ್ದನ್ನು ತಿರುಗಿ ಜೋಡಿಸಿ ಏನೂ ಆಗದವರ ಹಾಗೆ ಡಬ್ಬಿ ಕಟ್ಟಬೇಕು. ನನ್ನಷ್ಟು ನಯವಾಗಿ ಈ ಕೆಲಸ ಮಾಡುವವನು ಜಮಖಂಡಿ, ಮುಧೋಳ, ಬೀಳಗಿ ಮೂರೂ ಕಡೆ ಇಲ್ಲ ಎಂಬ ಸೊಕ್ಕು ನನಗಿತ್ತು. ಸೊಕ್ಕೇ ಅದು, ಬೇರೆ ಹೆಸರು ಕೊಡುವುದಿಲ್ಲ.

ಆ ಸಿನಿಮಾದ ಹೆಸರನ್ನು ಬೇಕೆಂದೇ ಬಿಡುತ್ತೇನೆ. ಹೇಳಿದರೆ ಅಭಿಮಾನಿಗಳು ನನ್ನ ಅಂಗಳಕ್ಕೆ ಬಂದಾರು. ಹೀರೋ ಒಬ್ಬ ಲಾರಿ ಡ್ರೈವರ್. ನದಿಯ ಉಸುಕು ಕದಿಯುವವರ ವಿರುದ್ಧ ನಿಲ್ಲುತ್ತಾನೆ. ಕೊನೆಗೆ ಖಳನನ್ನು ಸೇತುವೆ ಮೇಲೆ ಕೊಲ್ಲುತ್ತಾನೆ, ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಎದೆ ತೂರಿಹೋಗುವಂತೆ ಗುಂಡು ಹೊಡೆಯುತ್ತಾರೆ. ಹೀರೋ ನದಿಗೆ ಬೀಳುತ್ತಾನೆ, ಅವನ ಕೆಂಪು ವಸ್ತ್ರ ನೀರಿನ ಮೇಲೆ ತೇಲುತ್ತದೆ, ತಾಯಿ ಎದೆ ಬಡಿದುಕೊಳ್ಳುತ್ತಾಳೆ, ಮುಗಿಯಿತು. ಜಮಖಂಡಿಯಲ್ಲಿ ಮೊದಲ ದಿನ ಮೊದಲ ಆಟಕ್ಕೇ ಅಭಿಮಾನಿಗಳು ಕುರ್ಚಿ ಮುರಿದು, ಪರದೆಗೆ ಕಲ್ಲು ಎಸೆದು ಹರಿದರು. ತಮ್ಮ ದೇವರಂಥ ಮನುಷ್ಯ ಸಾಯುವುದೆಂದರೇನು?

ಮೂರು ವಾರಕ್ಕೆ ಪ್ರಿಂಟು ನಮಗೆ ಬಂತು, ಈ ಸಲ ರಬಕವಿಯ ಜೊತೆ ಹಂಚಿಕೆ ಇರಲಿಲ್ಲ. ಬೆಳಿಗ್ಗೆ ಡಬ್ಬಿ ಇಳಿಸುವಾಗಲೇ ನಮ್ಮ ಟಾಕೀಜಿನ ಸಾವ್ಕಾರರು ಕ್ಯಾಬಿನ್ನಿಗೆ ಹತ್ತಿಬಂದರು.

"ಚನ್ನಪ್ಪಾ, ಜಮಖಂಡ್ಯಾಗ ಆಗಿದ್ದು ಕೇಳಿಯಿಲ್ಲ? ನಾ ಹೊಸಾ ಪರದೆ ಹಾಕ್ಸಿ ಆರ ತಿಂಗಳ ಆಗಿಲ್ಲ. ನನ್ನ ಟಾಕೀಜಿನ್ಯಾಗ ಅಂವ ಸಾಯಬಾರದು."

"ಸಾವ್ಕಾರ್ರ, ಅಂವ ಸತ್ತರನ ಪಿಚ್ಚರ್ ಮುಗೀತೈತ್ರಿ."

"ಅದು ನಿನ್ನ ಕೆಲಸ. ಕತ್ತರಿ ಯಾರ ಕೈಯಾಗ ಐತಿ?"

ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮ್ಯಾಟಿನಿಗೆ ಮುಂಚೆ ಎರಡು ತಾಸು ಕೂತು ಗುಂಡು, ನದಿ, ಕೆಂಪು ವಸ್ತ್ರ, ತಾಯಿಯ ಗೋಳು ಎಲ್ಲವನ್ನೂ ತೆಗೆದೆ. ಆರನೇ ರೀಲಿನಲ್ಲಿ ಊರವರು ಹೀರೋಗೆ ಹಾರ ಹಾಕಿ ಹೆಗಲ ಮೇಲೆ ಹೊತ್ತು ಕುಣಿಯುವ ದೃಶ್ಯವೊಂದಿತ್ತು. ಅದನ್ನು ಕಿತ್ತು ತಂದು ಕೊನೆಗೆ ಅಂಟಿಸಿದೆ. ಖಳ ಸತ್ತ, ಹೀರೋಗೆ ಹಾರ ಬಿತ್ತು, ದೀಪ ಹತ್ತಿತು. ಸೇತುವೆ ಮೇಲೆ ರಕ್ತದ ಅಂಗಿಯಲ್ಲಿದ್ದವನು ಮರುಕ್ಷಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದ. ಒಬ್ಬನೂ ಕೇಳಲಿಲ್ಲ. ಜನ ಕುಣಿಯುತ್ತ ಮನೆಗೆ ಹೋದರು. ಐದು ವಾರ ಓಡಿತು. ಆಮೇಲೆ ಎಲ್ಲವನ್ನೂ ಇದ್ದಲ್ಲಿಗೆ ಜೋಡಿಸಿ ಡಬ್ಬಿ ಕಟ್ಟಿದೆ. ಪ್ರಿಂಟು ಬೀಳಗಿಗೆ ಹೋಯಿತು. ಹೀರೋ ಬೀಳಗಿಯಲ್ಲಿ ಮತ್ತೆ ಸತ್ತ.

ಇನ್ನು ಶಂಕ್ರೆಪ್ಪನ ಮಾತು. ಅವನು ನನ್ನ ಓಣಿಯವನೇ, ಜೊತೆಗೆ ಸಾಲೆ ಕಲಿತವನು, ಎರಡು ಪವರ್‌ಲೂಮ್ ಮಗ್ಗಗಳ ನೇಕಾರ. ಆ ಹೀರೋನ ಅಭಿಮಾನಿ ಸಂಘಕ್ಕೆ ನಮ್ಮೂರಲ್ಲಿ ಅವನೇ ಅಧ್ಯಕ್ಷ. ಕಟೌಟಿಗೆ ಹಾಲು ಸುರಿಯಲು ಬಂದವರನ್ನು ಬೈದು ಆ ಹಾಲನ್ನು ಸಾಲೆಯ ಮಕ್ಕಳಿಗೆ ಕುಡಿಸಿದ ಅಧ್ಯಕ್ಷ. ಓಣಿಯಲ್ಲಿ ಯಾರ ಮಾತು ಖರೆ, ಯಾರದ್ದು ಸುಳ್ಳು ಎಂದು ತಕರಾರು ಬಿದ್ದರೆ ಅವನನ್ನೇ ಕರೆಸುತ್ತಿದ್ದರು. ಶಂಕ್ರೆಪ್ಪ ಹೇಳಿದ ಅಂದರೆ ಅಲ್ಲಿಗೆ ಆತು. ಅವನಿಗೆ ಆಸ್ತಿ ಎಂದು ಇದ್ದದ್ದು ಅದೊಂದೇ. ಆ ಸಿನಿಮಾವನ್ನು ಅವನು ನಮ್ಮ ಟಾಕೀಜಿನಲ್ಲಿ ಐದು ಸಲ ನೋಡಿದ್ದ. ಜಮಖಂಡಿಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು, ಆದರೆ ಕಣ್ಣಾರೆ ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ನಂಬುವವನಲ್ಲ.

ಅದೇ ವರ್ಷ ಅವನ ಮಗಳು ಮಹಾದೇವಿಗೆ ಬೀಳಗಿಯಿಂದ ಸಂಬಂಧ ಬಂತು. ಮನೆತನ ಛಲೋ, ಹುಡುಗ ಸಾಲೆ ಮಾಸ್ತರ. ಮಾತುಕತೆಗೆ ಇವನು ಸಿನಿಮಾದ ಗೋಜಿಗೇ ಹೋಗದ ನಾಲ್ಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಬೀಳಗಿಗೆ ಹೋದ. ಎಲ್ಲ ಕೂಡಿಬಂದು, ಊಟವಾಗಿ, ಎಲೆ ಅಡಿಕೆ ಹಾಕಿಕೊಂಡು ಕೂತಾಗ ಹುಡುಗನ ಅಜ್ಜ ಚೇಷ್ಟೆಗೆ, "ಏನ್ರಿ ಅಧ್ಯಕ್ಷರ, ನಿಮ್ಮ ಹೀರೋ ಸತ್ತೇಬಿಟ್ಟನಲ್ರಿ" ಎಂದರಂತೆ. ಶಂಕ್ರೆಪ್ಪ, ಅವನು ಸತ್ತಿಲ್ಲ ಎಂದ. ಸತ್ತಿದ್ದಾನೆ, ನಾವು ಮನೆಮಂದಿಯೆಲ್ಲ ಹೋಗಿ ನೋಡಿ ಬಂದಿದ್ದೇವೆ ಎಂದರು ಅವರು. ನಾನು ಐದು ಸಲ ನೋಡಿದ್ದೇನೆ ಎಂದ ಇವನು. ನಗೆ ಎದ್ದಿತು. ಇವನಿಗೆ ರೇಗಿತು. ಅವನ ಮಾತಿಗೆ ಯಾರೂ ಅಲ್ಲಿಯವರೆಗೆ ನಕ್ಕಿರಲಿಲ್ಲ. ಎದ್ದು ಅವರ ದೇವರ ಮನೆಗೆ ಹೋಗಿ ವಿಭೂತಿ ಗಟ್ಟಿ ತಂದು, ಎಲ್ಲರ ಮುಂದೆ ಕೈಯಲ್ಲಿ ಹಿಡಿದು, "ಅಂವ ಸತ್ತಿಲ್ಲ, ಇದರಾಣಿ" ಎಂದುಬಿಟ್ಟ.

ಅಜ್ಜನ ಮುಖ ಬಾಡಿತಂತೆ. ನಮ್ಮ ಕಡೆ ವಿಭೂತಿ ಮುಟ್ಟಿ ಆಣೆ ಮಾಡಿದ ಮೇಲೆ ಚೇಷ್ಟೆ ಉಳಿಯುವುದಿಲ್ಲ. ಹೊಲದ ಬದುವಿಗೆ, ಮನೆತನದ ಮಾನಕ್ಕೆ ಮಾಡುವ ಆಣೆ ಅದು. ಒಂದು ಸಿನಿಮಾಕ್ಕೆ ವಿಭೂತಿ ಮುಟ್ಟಿ ಸುಳ್ಳು ಹೇಳುವ ಮನುಷ್ಯ ಮಗಳ ವಿಷಯದಲ್ಲಿ ಏನೇನು ಮುಚ್ಚಿಟ್ಟಿದ್ದಾನೋ ಎಂದು ಅವರಿಗೆ ಅನ್ನಿಸಿತು. ಎಂಟು ದಿನ ಬಿಟ್ಟು ಹೇಳಿ ಕಳಿಸುತ್ತೇವೆ ಎಂದರು.

ಮರುದಿನ ಬೆಳಿಗ್ಗೆ ಶಂಕ್ರೆಪ್ಪ ನೇರ ನನ್ನ ಕ್ಯಾಬಿನ್ನಿಗೆ ಬಂದ. ಮುಖ ನೋಡಿದರೆ ಜ್ವರ ಬಂದವನ ಹಾಗಿದ್ದ. ಬೀಳಗಿಯಲ್ಲಿ ಆದದ್ದನ್ನೆಲ್ಲ ಹೇಳಿ, "ಚನ್ನ್ಯಾ, ನೀ ಒಂದ ಮಾತ ಹೇಳು. ಅಂವ ಸತ್ತಾನೇನು?" ಎಂದ.

ನಾನು ರೀಲು ಸುತ್ತುವುದಕ್ಕೆ ತಿರುಗಿದೆ.

"ಹಾರ ಹಾಕ್ಯಾರ, ಹೆಗಲ ಮ್ಯಾಲ ಹೊತ್ತಾರ, ಪಿಚ್ಚರ್ ಮುಗದೈತಿ. ಈ ಕಣ್ಲೆ ನೋಡೇನಿ. ನನ್ನ ತಲಿ ಕೆಟ್ಟೈತೋ, ಅವರದ ಕೆಟ್ಟೈತೋ ನನಗ ತಿಳೀವಲ್ದು. ಮಷೀನ್ ನಡಿಸಿದಾಂವ ನೀನು. ನಾಳೆ ನನ್ನ ಜೋಡಿ ಬೀಳಗಿಗೆ ಬಾ. ನೀ ಒಂದ ಮಾತ ಹೇಳಿದ್ರ ಕೇಳ್ತಾರ. ಎಂಟ ದಿನಾ ಟೈಮ್ ಐತಿ."

"ಸಂಜೀಕ ಹೇಳ್ತೀನಿ" ಎಂದು ಅವನನ್ನು ಕಳಿಸಿ ಸಾವ್ಕಾರರ ಮನೆಗೆ ಓಡಿದೆ. ಅವರು ಕೂತ ಕುರ್ಚಿಯಿಂದ ಏಳಲೂ ಇಲ್ಲ. "ಪ್ರಿಂಟ್ ಕಟ್ ಮಾಡಿದ್ದು ಹೊರಗ ಬಿತ್ತಂದ್ರ ನನಗ ಇನ್ನ ಮುಂದ ಒಂದು ಪಿಚ್ಚರ್ ಕೊಡೂದಿಲ್ಲ, ನಿನ್ನ ಲೈಸೆನ್ಸ್ ಕಸಗೊಂತಾರ. ನಾಕ ಮಕ್ಕಳ ತಂದಿ ನೀನು. ಅವನ ಮಗಳಿಗೆ ಬ್ಯಾರೆ ವರ ಸಿಗ್ತಾನ, ನಿನಗ ಬ್ಯಾರೆ ಕೆಲಸ ಸಿಗತೈತೇನು?"

ಸಂಜೆ ಶಂಕ್ರೆಪ್ಪ ಬಂದ. ಒಗೆದ ಧೋತರ ಉಟ್ಟುಕೊಂಡಿದ್ದ, ಬೇಕಾದರೆ ಈಗಲೇ ಹೊರಡೋಣ ಎನ್ನುವಂತೆ. ನಾನು ಕಾರ್ಬನ್ ಕಡ್ಡಿ ಸರಿಸುತ್ತ, ಅವನ ಕಡೆ ತಿರುಗದೆ ಹೇಳಿದೆ:

"ನಾ ಪಿಚ್ಚರ್ ನೋಡೂದಿಲ್ಲೋ ಮಾರಾಯಾ. ನಾ ಬೆಳಕ ನೋಡಾಂವ. ಸತ್ತಾನೋ ಬಿಟ್ಟಾನೋ ನನಗೇನ ಗೊತ್ತು?"

ಹುಸೇನಸಾಬರು ಕಿವಿ ಹಿಂಡಿ ಕಲಿಸಿದ ಮಾತು. ಅವರು ಅದನ್ನು ಹೀಗೆ ಬಳಸಲಿ ಎಂದು ಕಲಿಸಿರಲಿಲ್ಲ. ಶಂಕ್ರೆಪ್ಪ ನನ್ನ ಮಗ್ಗುಲಿಗೆ ಬಂದ. "ಒಂದು ಸಲಾನೂ ನೋಡಿಲ್ಲ?" ಎಂದು ಕೇಳಿದ. ಇಲ್ಲ ಎಂದೆ. ಮೆಟ್ಟಿಲಿಳಿದು ಹೋದ.

ಎಂಟನೇ ದಿನ ಬೀಳಗಿಯಿಂದ ಸುದ್ದಿ ಬಂತು, ಮಾತು ಮುಂದುವರಿಸುವುದು ಬೇಡ ಎಂದು. ಕಾರಣವೂ ಹಿಂದೆಯೇ ಬಂತು, ಇಂಥ ಕಾರಣಗಳು ಬಸ್ಸಿಗಿಂತ ಜೋರಾಗಿ ಓಡುತ್ತವೆ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಸಾಯದ ಶಂಕ್ರ ಎಂದು ಹೆಸರಿಟ್ಟರು. ನಾವೂ ಹಾರವನ್ನೇ ನೋಡಿದೆವು ಎಂದ ನಮ್ಮೂರ ಹುಡುಗರ ಮಾತನ್ನು, ಇವರು ಅಧ್ಯಕ್ಷನ ಕಡೆಯವರು ಎಂದು ತಳ್ಳಿಹಾಕಿದರು. ವಿಭೂತಿ ಮುಟ್ಟಿ ಸುಳ್ಳು ಹೇಳಿದವನ ಮನೆ ಎಂದು ಎರಡು ವರ್ಷ ಒಬ್ಬರೂ ಹೆಣ್ಣು ನೋಡಲು ಬರಲಿಲ್ಲ. ಕೊನೆಗೆ ಮಹಾದೇವಿಯನ್ನು ರನ್ನ ಬೆಳಗಲಿಯ ಒಬ್ಬನಿಗೆ ಎರಡನೇ ಸಂಬಂಧಕ್ಕೆ ಕೊಟ್ಟ. ಅಳಿಯ ಕೆಟ್ಟವನಲ್ಲ, ಆದರೆ ಆ ಹುಡುಗಿಗಿಂತ ಹದಿನೈದು ವರ್ಷ ದೊಡ್ಡವನು. ಆ ಮದುವೆಯಲ್ಲಿ ನಾನು ಊಟ ಬಡಿಸಿದೆ. ಶಂಕ್ರೆಪ್ಪ ಆಮೇಲೆ ಯಾರ ತಕರಾರಿಗೂ ಹೋಗಲಿಲ್ಲ. ಕರೆಯಲು ಬಂದವರಿಗೆ, "ನನ್ನ ಮಾತ ಯಾಕ ಬೇಕ್ರಿ, ನಾ ಸುಳ್ಳ" ಎಂದು ಹೇಳಿ ಕಳಿಸುತ್ತಿದ್ದ. ಟಾಕೀಜಿಗೆ ಬರುವುದನ್ನೂ ಬಿಟ್ಟ.

ನಾಲ್ಕು ವರ್ಷದ ಮೇಲೆ ಎರಡನೇ ಭಾಗ ಬಂತು. ಸತ್ತ ಹೀರೋನನ್ನು ಎಬ್ಬಿಸಲು ಕತೆ ಬರೆದವರು ಬಹಳ ತಲೆ ಕೆಡಿಸಿಕೊಂಡಿರಲಿಲ್ಲ. ಅವನ ಹೃದಯ ಎಡಕ್ಕಿರದೆ ಬಲಕ್ಕಿತ್ತು, ಹಾಗಾಗಿ ಗುಂಡು ಖಾಲಿ ಜಾಗದಲ್ಲಿ ಹಾದುಹೋಯಿತು ಎಂದು ಡಾಕ್ಟರೊಬ್ಬ ಕನ್ನಡಕ ತೆಗೆದು ಹೇಳುತ್ತಾನೆ. ಆದರೆ ಸಿನಿಮಾ ಶುರುವಾಗುವುದೇ ಹಳೆಯ ಸಾವಿನಿಂದ. ಗುಂಡು, ನದಿ, ಕೆಂಪು ವಸ್ತ್ರ, ತಾಯಿಯ ಗೋಳು, ನಾನು ಕತ್ತರಿಸಿದ್ದೆಲ್ಲ ಒಂದೂ ಬಿಡದೆ ಅಲ್ಲಿತ್ತು. ಸಾವ್ಕಾರರು ಅದನ್ನೂ ತೆಗೆ ಎಂದರು. ತೆಗೆದರೆ ಅವನು ನೀರಿನೊಳಗಿಂದ ಯಾಕೆ ಏಳುತ್ತಾನೆ ಎಂದೇ ತಿಳಿಯುವುದಿಲ್ಲ ಎಂದೆ. "ಹಂಗಾರ ಇರ್ಲಿ ಬಿಡು, ನಾಕ ವರ್ಷದ ಮಾತ ಯಾರಿಗೆ ನೆನಪೈತಿ?" ಎಂದು ಕೈ ಕೊಡವಿ ಹೋದರು.

ಮೊದಲ ಆಟಕ್ಕೆ ಕಿಂಡಿಯಿಂದ ನೋಡಿದರೆ ಐದನೇ ಸಾಲಿನ ತುದಿಯಲ್ಲಿ ಶಂಕ್ರೆಪ್ಪ ಕೂತಿದ್ದ. ಎರಡನೇ ಭಾಗದಲ್ಲಿ ಹೀರೋ ಬದುಕಿದ್ದಾನೆ ಎಂಬ ಸುದ್ದಿ ಅವನಿಗೂ ಮುಟ್ಟಿತ್ತು. ತಾನು ಹೇಳಿದ್ದೇ ಖರೆಯಾಯಿತು ಎಂದು ಬಂದಿದ್ದ, ಪಾಪ. ಪರದೆ ಮೇಲೆ ಗುಂಡು ಬಿತ್ತು, ಹೀರೋ ನದಿಗೆ ಬಿದ್ದ. "ಏ, ಇದ ಯಾವಾಗ ಆತೋ? ನಮ್ಮೂರಾಗ ಹಾರ ಹಾಕಿದ್ರಲ್ಲೋ!" ಎಂದು ಒಬ್ಬ ಕೂಗಿದ. ನಾಲ್ಕಾರು ಮಂದಿ ನಕ್ಕರು. ಅಷ್ಟರಲ್ಲಿ ಹೀರೋ ನೀರಿನಿಂದ ಎದ್ದ, ಸೀಟಿ ಬಿತ್ತು, ಕೂಗಿದವನೂ ಕುಣಿಯತೊಡಗಿದ. ಶಂಕ್ರೆಪ್ಪ ಮಾತ್ರ ಪರದೆಗೆ ಬೆನ್ನು ಹಾಕಿ, ತಿರುಗಿ ಕೂತು, ನನ್ನ ಕಿಂಡಿಯನ್ನೇ ನೋಡುತ್ತಿದ್ದ. ಕೆಳಗೆ ಕೂತವರಿಗೆ ಬೆಳಕು ಬಿಟ್ಟರೆ ಒಳಗಿನ ಮನುಷ್ಯ ಕಾಣುವುದಿಲ್ಲ, ಅದು ನನಗೆ ಗೊತ್ತು. ಆದರೂ ಗೋಡೆಗೆ ಸರಿದು ನಿಂತೆ. ಇಂಟರ್‌ವಲ್‌ಗೆ ನೋಡಿದರೆ ಅವನ ಕುರ್ಚಿ ಖಾಲಿ ಇತ್ತು. ನನ್ನನ್ನು ಬಂದು ಹೊಡೆಯುತ್ತಾನೆ ಎಂದು ಕಾದೆ. ಬರಲಿಲ್ಲ. ಅವತ್ತಿನಿಂದ ಓಣಿಯಲ್ಲಿ ಎದುರು ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

ಮೂರನೇ ಭಾಗ ಬರುವ ಹೊತ್ತಿಗೆ ಡಬ್ಬಿ, ಕಡ್ಡಿ, ಕತ್ತರಿ ಯಾವುದೂ ಇರಲಿಲ್ಲ. ಕ್ಯಾಬಿನ್ನಿನಲ್ಲಿ ಏಸಿ ಹಾಕಿದ್ದರು, ಮಷೀನಿನ ಸಲುವಾಗಿ, ಆಪರೇಟರಿನ ಸಲುವಾಗಿ ಅಲ್ಲ. ಆ ಸಿನಿಮಾಕ್ಕೆ ಮುಂಚೆ ಹೀರೋ ಪಾತ್ರ ಮಾಡುವ ನಟನ ಹೆಸರು ಕೆಟ್ಟಿತ್ತು. ಸೆಲ್ಫಿ ತೆಗೆಯಲು ಬಂದ ಅಭಿಮಾನಿಯೊಬ್ಬನ ಕಪಾಳಕ್ಕೆ ಬಾರಿಸಿದ್ದನ್ನು ಊರೆಲ್ಲ ಮೊಬೈಲಿನಲ್ಲಿ ನೋಡಿತ್ತು. ಅದಕ್ಕೆ ಕತೆಯನ್ನೇ ತಿದ್ದಿದರು. ಮೂರನೇ ಭಾಗದ ಮೊದಲ ದೃಶ್ಯದಲ್ಲಿ ಒಬ್ಬ ಬಡ ಮುದುಕ ತಪ್ಪು ತಿಳಿದು ಹೀರೋಗೆ ಕಪಾಳಕ್ಕೆ ಹೊಡೆಯುತ್ತಾನೆ, ಹೀರೋ ಆ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾನೆ. ನಮ್ಮ ಟಾಕೀಜಿನಲ್ಲಿ ಹೆಂಗಸರು ಅತ್ತರು. ಎರಡು ವಾರದಲ್ಲಿ ಅವನ ಹೆಸರು ತೊಳೆದಿಟ್ಟ ಹಾಗಾಯಿತು. ನಾನು ಮೇಲೆ ಕೂತು ಹೊಟ್ಟೆ ಉರಿದುಕೊಂಡೆ. ಆ ಮನುಷ್ಯನಿಗೆ ಸತ್ತರೆ ಒಂದು ಭಾಗ, ಮಾನ ಹೋದರೆ ಇನ್ನೊಂದು ಭಾಗ. ನನ್ನ ಓಣಿಯ ನೇಕಾರನ ಮಾನಕ್ಕೆ ಯಾರು ಎರಡನೇ ಭಾಗ ತೆಗೆಯುತ್ತಾರೆ?

ನಿವೃತ್ತಿಯಾದೆ. ಸಾವ್ಕಾರರು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಕಸಿದುಕೊಳ್ಳಲು ಲೈಸೆನ್ಸೂ ಇರಲಿಲ್ಲ. ಹೆದರಲು ಏನೂ ಉಳಿಯದಾದ ಮೇಲೆ ನನಗೆ ಧೈರ್ಯ ಬಂತು, ಅಂಥ ಧೈರ್ಯಕ್ಕೆ ಏನು ಬೆಲೆ ಎಂದು ಓದುವವರೇ ಹೇಳಲಿ. ಹೋದ ವರ್ಷ ಒಂದು ಮುಂಜಾನೆ ಶಂಕ್ರೆಪ್ಪನ ಮನೆಗೆ ಹೋದೆ. ಈಗ ಒಂದೇ ಮಗ್ಗ ಉಳಿದಿದೆ. ನನ್ನನ್ನು ನೋಡಿ ಮಗ್ಗ ಬಂದ್ ಮಾಡಿದ. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೊಸ್ತಿಲಲ್ಲಿ ನಿಂತೇ ಎಲ್ಲ ಹೇಳಿದೆ.

"ಇದನ್ನೇನ ಹೇಳಾಕ ಬಂದಿ?" ಎಂದ. "ಎರಡನೇ ಭಾಗದ ದಿನಾನ ನನಗ ಗೊತ್ತಾಗೇತಿ. ನಡುವಿಂದ ಕಿತ್ತ ತಂದ ಹಾರಾ ಹಾಕ್ಸಿದೀ ಅಲ್ಲ?"

"ತಪ್ಪಾತೋ ಶಂಕ್ರೂ."

"ನನ್ನ ಮುಂದ ಅಂದ್ರ ಏನ ಬಂತು? ನಾ ಸುಳ್ಳ ಅಂದದ್ದು ನೀ ಅಲ್ಲ. ಬೀಳಗ್ಯಾಗ ಹತ್ತ ಮಂದಿ ಹಿರ್ಯಾರ ಮುಂದ ಅಂದಾರ. ಹೇಳೂದಿದ್ರ ಅಲ್ಲಿ ಹೋಗಿ ಹೇಳು." ಆಮೇಲೆ ದನಿ ಇಳಿಸಿ ಒಂದು ಮಾತು ಸೇರಿಸಿದ: "ನಾ ಸಾಯೂದ್ರಾಗ ಅವರ ಬಾಯಿಂದ ಒಂದ ಸಲ ಬರ್ಲಿ, ಶಂಕ್ರೆಪ್ಪ ಸುಳ್ಳ ಹೇಳಿರಲಿಲ್ಲ ಅಂತ. ಮಹಾದೇವಿಗೆ ಹೇಳಬೇಕು."

ಮರುದಿನವೇ ಬಸ್ಸು ಹತ್ತಿದೆ. ಬೀಳಗಿಯ ಆ ಅಜ್ಜ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ಮಗ, ಅಂದರೆ ಹುಡುಗನ ಕಾಕಾ ಗಿರಿಮಲ್ಲಪ್ಪ ಎಂಬವರು ಗೊಬ್ಬರದ ಅಂಗಡಿಯಲ್ಲಿ ಕೂತಿದ್ದರು. ಆ ಮಾತುಕತೆಯ ದಿನ ಅವರೂ ಚಾಪೆಯ ಮೇಲಿದ್ದವರು. ಒಳ್ಳೆಯ ಮನುಷ್ಯ, ಕೂಡ್ರಿಸಿ ನೀರು ಕೊಟ್ಟರು. ನಾನು ಸಿನಿಮಾದ ಹೆಸರು ಹೇಳಿದೆ.

"ಹಾಂ ಹಾಂ, ಮೂರೂ ಭಾಗ ನೋಡೇವ್ರಿ. ಮೊನ್ನೆ ಟೀವ್ಯಾಗೂ ಬಂದಿತ್ತು."

"ಮೊದಲನೇ ಭಾಗದಾಗ ಹೀರೋ ಸತ್ತದ್ದು..."

"ಎಲ್ಲಿ ಸತ್ತಾನ್ರೀ?" ಎಂದು ಅವರು ನಕ್ಕರು. "ಸತ್ತಿದ್ರ ಎರಡನೇದಕ್ಕ ಹೆಂಗ ಬರತಿದ್ದ? ಅಂವನ ಎದಿಗುಂಡಿಗಿ ಬಲಕ್ಕ ಇತ್ತಲ್ರೀ. ಸತ್ತೇ ಇಲ್ಲ ಅಂವ."

ನಾನು ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದೆ. ಬನಹಟ್ಟಿಯ ಶಂಕ್ರೆಪ್ಪ, ಅವನ ಮಗಳು, ವಿಭೂತಿ, ನಿಮ್ಮ ತಂದೆಯವರ ಮಾತು, ನನ್ನ ಕತ್ತರಿ. ಗಿರಿಮಲ್ಲಪ್ಪನವರು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು. ಬೇಕೆಂದು ಮರೆತಂತೆ ನಟಿಸುವ ಮನುಷ್ಯ ಅವರಲ್ಲ.

"ಬನಹಟ್ಟೀದ ಒಂದ ಸಂಬಂಧ ಬಂದಿತ್ತು ಖರೆ. ಯಾಕ ಬಿಟ್ಟಿವಿ ನೆನಪಿಲ್ರಿ. ಪಿಚ್ಚರ್ ಸಂಬಂಧ ಯಾರರ ಮನಿ ಮುರೀತಾರೇನ್ರಿ? ಜಾತಕ ಕೂಡಿರ್ಲಿಕ್ಕಿಲ್ಲ." ಅಷ್ಟರಲ್ಲಿ ಗಿರಾಕಿ ಬಂದ, ಅವರು ಯೂರಿಯಾ ಚೀಲ ತೋರಿಸಲು ಎದ್ದರು.

ಬಸ್ಸಿನಲ್ಲಿ ಜಮಖಂಡಿಯವರೆಗೂ ನಾನು ಬೇರೊಂದು ಕೊನೆಯನ್ನು ಜೋಡಿಸುತ್ತಿದ್ದೆ. ಅವರು ಕೈಮುಗಿದರು, ನಮ್ಮಿಂದ ತಪ್ಪಾಯಿತು ಎಂದರು, ಶಂಕ್ರೆಪ್ಪನವರಿಗೆ ಹೇಳಿ ಎಂದರು. ಎಲ್ಲ ಸಿದ್ಧವಾಗಿತ್ತು. ಮಹಾದೇವಿಗೂ ಅದೇ ಮಾತು ಮುಟ್ಟುತ್ತಿತ್ತು, ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆದರೆ ಅವನ ಮುಂದೆ ಹೋಗಿ ನಿಂತಾಗ ಆ ಸುಳ್ಳಿಗೆ ಬಾಯಿ ಏಳಲಿಲ್ಲ.

"ಏನಂದ್ರು?" ಎಂದು ಶಂಕ್ರೆಪ್ಪ ಎದ್ದು ನಿಂತೇ ಕೇಳಿದ.

"ನಿನ್ನ ಸುಳ್ಳ ಅಂದದ್ದು ಅವರಿಗೆ ನೆನಪ ಇಲ್ಲೋ. ಜಾತಕ ಕೂಡಿರ್ಲಿಕ್ಕಿಲ್ಲ ಅಂದ್ರು."

"ಮತ್ತ ಹೀರೋ?"

"ಅಂವ ಸತ್ತೇ ಇಲ್ಲ ಅಂತಾರ."

ಅವನು ಮಗ್ಗದ ಕಟ್ಟಿಗೆಯನ್ನು ಹಿಡಿದುಕೊಂಡ. ನನ್ನ ಮುಖವನ್ನೇ ನೋಡುತ್ತಿದ್ದ, ಆದರೆ ಮಾತಾಡಿದ್ದು ಬೇರೆ ಯಾರ ಜೊತೆಗೋ ಎನ್ನುವಂತಿತ್ತು.

"ನಾನೂ ಅದನ್ನ ಅಂದಿದ್ನಲ್ಲೋ."